ನನ್ನ ಸುಖದ ಹದ್ದುಬಸ್ತು

ನಮ್ಮ ಕಡೆ ಯಾರನ್ನಾದರೂ "ಆರಾಮ ಅದೀರೇನ್ರಿ?" ಎಂದು ಕೇಳಿ ನೋಡಿ. "ಏನೋ, ನಡದೈತ್ರಿ" ಎನ್ನುತ್ತಾರೆ. ಮಗಳಿಗೆ ನೌಕರಿ ಸಿಕ್ಕಿರಲಿ, ಮೆಕ್ಕೆಜೋಳ ಆಳೆತ್ತರ ಬೆಳೆದು ನಿಂತಿರಲಿ, ಹಟಮಾರಿ ಮಂಡಿನೋವು ತಾನಾಗಿಯೇ ಬಿಟ್ಟುಹೋಗಿರಲಿ, ಉತ್ತರ ಅದೇ. ಹಗರಿಬೊಮ್ಮನಹಳ್ಳಿಯಿಂದ ಹರಪನಹಳ್ಳಿಯವರೆಗೆ ಬಸ್ಸಿನಲ್ಲಿ ಓಡಾಡುವ ನಾನು ಈ ಉತ್ತರವನ್ನು ಕೇಳಿ ಕೇಳಿ, ಅದು ಉತ್ತರವೆಂಬುದನ್ನೇ ಮರೆತು ಕೆಮ್ಮು, ಆಕಳಿಕೆಗಳ ಜೊತೆ ಸೇರಿಸಿಬಿಟ್ಟಿದ್ದೆ. ಯಾರಾದರೂ ಅಪ್ಪಿತಪ್ಪಿ "ಬಹಳ ಸುಖವಾಗಿದ್ದೇನೆ" ಎಂದರೆ ಪಕ್ಕದ ಸೀಟಿನವರು ಹಣೆ ಮುಟ್ಟಿ ಜ್ವರ ನೋಡಿಯಾರು. ಇದು ದೃಷ್ಟಿಯಾದೀತೆಂಬ ಅಂಜಿಕೆ ಎಂದು ನಾನು ತಿಳಿದಿದ್ದೆ. ಹೊಸ ಮನೆಗೆ ಬೂದುಗುಂಬಳ ಕಟ್ಟುತ್ತೇವೆ, ಕೂಸಿನ ಗಲ್ಲಕ್ಕೆ ಕಾಡಿಗೆಯ ಬೊಟ್ಟು ಇಡುತ್ತೇವೆ, ಹಾಗೆಯೇ ಸುಖದ ಗಲ್ಲಕ್ಕೆ "ನಡದೈತ್ರಿ" ಎಂಬ ಬೊಟ್ಟು. ಇದು ನನ್ನ ಹಳೆಯ ತಿಳಿವಳಿಕೆ. ಈಗ ಬೇರೆಯದೊಂದು ಬಂದಿದೆ. ಅದು ಬಂದದ್ದು ನಾನು ನನ್ನ ಸುಖವನ್ನು ಅಳೆಯಲು ಹೋದದ್ದರಿಂದ.

ಅಳೆಯುವುದು ನನ್ನ ಕಸುಬು. ನಾನು ಸರ್ಕಾರಿ ಸರ್ವೇಯರ್. ಕೂಡ್ಲಿಗಿ, ಹಡಗಲಿ ಕಡೆಯ ಹೊಲಗಳಲ್ಲಿ ಮೊದಲು ಸರಪಳಿ ಎಳೆಸಿ, ಈಗೀಗ ಮೂರು ಕಾಲಿನ ಯಂತ್ರ ನಿಲ್ಲಿಸಿ, ತಲೆಗೆ ಟವೆಲ್ ಸುತ್ತಿಕೊಂಡು, "ಇಲ್ಲಿಯತನಕ ನಿಮ್ಮದು, ಅಲ್ಲಿಂದಾಚೆ ಅವರದು" ಎಂದು ಹೇಳುವವನು. ಹೀಗೆ ಗಡಿ ಗೊತ್ತುಮಾಡಿ ಕಲ್ಲು ನೆಡಿಸುವುದಕ್ಕೆ ಹದ್ದುಬಸ್ತು ಎನ್ನುತ್ತಾರೆ. ಈ ಕೆಲಸದಲ್ಲಿ ಒಂದೆರಡು ಪದ್ಧತಿಗಳುಂಟು. ಹೊಲದೊಳಗಿನ ಬಂಡೆ, ಹಳ್ಳ, ಬಂಡಿದಾರಿ ಮುಂತಾದ ಉಳಲು ಬಾರದ ಜಾಗವನ್ನು ಖರಾಬು ಎಂದು ಲೆಕ್ಕದಿಂದ ಕಳೆಯಬೇಕು. ಮತ್ತೆ, ಅಳೆಯುವ ಮುಂಚೆ ಅಕ್ಕಪಕ್ಕದ ಹೊಲದವರಿಗೆ ತಿಳಿಸಿ ಅವರನ್ನೂ ಕರೆಸಬೇಕು. ಯಾಕೆಂದರೆ ತನ್ನ ಹೊಲ ಹೆಚ್ಚಾಗಿದೆ ಎಂದು ಯಾವ ರೈತನೂ ಅರ್ಜಿ ಹಾಕುವುದಿಲ್ಲ; ಕಡಿಮೆಯಾಗಿದೆ ಎಂದೇ ಹಾಕುತ್ತಾನೆ. ಅಳೆದು ನೋಡಿದರೆ ಎಷ್ಟೋ ಸಲ ಒತ್ತುವರಿ ಮಾಡಿದವನು ಅರ್ಜಿ ಹಾಕಿದವನೇ. ಪಕ್ಕದವನ ನೆಲ ಇವನ ಬದುವಿನೊಳಗೆ ಹಾಯಾಗಿ ಮಲಗಿರುತ್ತದೆ. ಆಗ ಆ ಮನುಷ್ಯ ಮಾಡುವ ಮುಖವನ್ನು ಕಂಡು ನಾನು ಟವೆಲ್ಲಿನೊಳಗೆ ಬೇಕಾದಷ್ಟು ನಕ್ಕಿದ್ದೇನೆ. ಅಂಥದೇ ಮುಖವನ್ನು ಈಚೆಗೆ ನಮ್ಮ ಮನೆಯ ಕನ್ನಡಿಯಲ್ಲಿ ಕಂಡೆ.

ಕತೆ ಶುರುವಾದದ್ದು ಹೀಗೆ. ಹೀಗೆಯೇ ಎಂದು ಆಣೆ ಮಾಡಲಾರೆ. ನನ್ನ ನೆನಪಿಗೆ ತನಗೆ ಬೇಕಾದ ಕಡೆ ಬಾಗಿಲು ಕೊರೆಯುವ ಚಾಳಿ ಇದೆ. ಅಂತೂ ನಮ್ಮ ಮೇಲಧಿಕಾರಿಗಳು ಒಂದು ದಿನ ಫೋನು ಮಾಡಿ, "ದಾವಣಗೆರೆಯಲ್ಲಿ ಒಂದು ಜಾಗ ಖಾಲಿ ಇದೆ, ಬರ್ತೀಯೇನಪ್ಪ? ಈ ತಿಂಗಳ ಕೊನೆಯೊಳಗೆ ಹೇಳು" ಎಂದರು. ಕುರ್ಚಿಯ ಕೆಲಸ. ತಲೆಯ ಮೇಲೆ ಫ್ಯಾನು. ಜಾಲಿಮುಳ್ಳಿಲ್ಲ, ಹೊಲದ ನಾಯಿಯಿಲ್ಲ, "ನಮ್ಮಪ್ಪ ಆ ಕಲ್ಲು ಇಲ್ಲಿ ನೋಡಿದ್ದನ್ರಿ" ಎಂದು ಅಂಗಿ ಹಿಡಿದು ಜಗ್ಗುವವರಿಲ್ಲ. ಐವತ್ತು ದಾಟಿದ ನನ್ನ ಬೆನ್ನು ಆ ಕ್ಷಣವೇ ಒಪ್ಪಿಕೊಂಡಿತು. ಒಪ್ಪದವಳು ನನ್ನ ಹೆಂಡತಿ ಶಶಿಕಲಾ.

ಕೊಟ್ಟೂರಿನ ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ಅವಳು ಖಡಕ್ ರೊಟ್ಟಿ ಮಾಡಿಸುತ್ತಾಳೆ. ಮೊದಲು ಒಬ್ಬಳೇ ಬಡಿಯುತ್ತಿದ್ದಳು. ಈಗ ಓಣಿಯ ಮೂವರು ಹೆಂಗಸರು ಬರುತ್ತಾರೆ. ನೆಂಟರ ಲಗ್ನ, ಮಠದ ದಾಸೋಹ, ದೂರದಲ್ಲಿ ಓದುವ ಮಕ್ಕಳು, ಎಲ್ಲರಿಗೂ ಅವಳ ರೊಟ್ಟಿಯೇ ಬೇಕು. ಊರಿನಲ್ಲಿ ನನ್ನನ್ನು ಸರ್ವೇರ್ ಸಾಹೇಬ್ರು ಎನ್ನುತ್ತಿದ್ದ ಜನ ಈಗ "ರೊಟ್ಟಿ ಶಶಿಕಲಕ್ಕನ ಯಜಮಾನ್ರು" ಎನ್ನುತ್ತಾರೆ. ವರ್ಗಾವಣೆಯ ಆಸೆಗೆ ಇದೂ ಒಂದು ಕಾರಣವೇ ಎಂದು ನೀವು ಕೇಳಿದರೆ ನಾನು ಮಾತು ಬದಲಿಸುತ್ತೇನೆ.

"ದಾವಣಗೆರಿಗೆ ಹೋದ್ರ ದಿನಾ ಬೆಣ್ಣಿ ದೋಸಿ ತಿನ್ನಬಹುದು" ಎಂದು ಪೀಠಿಕೆ ಹಾಕಿದೆ.

"ದೋಸಿ ತಿನ್ನಾಕ ಟ್ರಾನ್ಸ್‌ಫರ್ ಯಾಕ್ರಿ? ಮುಂಜಾನಿ ರೈಲಿಗೆ ಹೋಗಿ ತಿಂದು ಬರ್ರಿ."

"ಹಂಗಲ್ಲ. ನನಗ ಇಲ್ಲಿ ಸುಖ ಇಲ್ಲ."

ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿ ತಲೆ ಎತ್ತಿದಳು. "ಎಷ್ಟು ಇಲ್ಲ?"

ಬೇರೆ ಯಾರಾದರೂ ಆಗಿದ್ದರೆ ಇದನ್ನು ಕುಹಕವೆಂದು ಬಿಡುತ್ತಿದ್ದರು. ಸರ್ವೇಯರನಿಗೆ "ಎಷ್ಟು" ಎಂದು ಕೇಳಿದರೆ ಮುಗಿಯಿತು. ಸುಖ ಇಲ್ಲವೆಂದು ನಾನು ಹೇಳಿದ್ದು ಬಾಯಿಮಾತು. ಎಷ್ಟಿಲ್ಲ ಎಂಬುದಕ್ಕೆ ನನ್ನ ಬಳಿ ಯಾವ ನಕಾಶೆಯೂ ಇರಲಿಲ್ಲ. "ಅಳೆದು ಹೇಳ್ತೀನಿ" ಎಂದೆ.

"ಅಳೀರಿ. ಹತ್ತರಾಗ ಆರಕ್ಕಿಂತ ಮ್ಯಾಲೆ ಬಂದ್ರ ಇಲ್ಲೇ ಇರೂದು. ಕೆಳಗ ಬಂದ್ರ ನಾನೇ ಗಂಟು ಕಟ್ತೀನಿ, ಒಲಿ ಆರಸ್ತೀನಿ" ಎಂದು ಅವಳು ಮತ್ತೆ ಹಿಟ್ಟಿಗೆ ಕೈಹಾಕಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಹಿಟ್ಟು ಮಾತ್ರ ಆ ದಿನ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಾದಿಸಿಕೊಂಡಿತು.

ಅಳೆಯುವ ಮೊದಲು ಅಳತೆಗೋಲು ಬೇಕಲ್ಲ. ಫೋನಿನಲ್ಲಿ ಅದಕ್ಕೂ ಒಂದು ವ್ಯವಸ್ಥೆ ಇದೆ ಎಂದು ಕಚೇರಿಯ ಹುಡುಗರು ತೋರಿಸಿದರು. ಅಳುವ ಮುಖದಿಂದ ಹಿಡಿದು ಹಲ್ಲುಕಿರಿಯುವ ಮುಖದವರೆಗೆ ಹಳದಿ ಮುಖಗಳ ಸಾಲು, ಒಂದನ್ನು ಒತ್ತಿದರಾಯಿತು. ನನಗೆ ಹಿಡಿಸಲಿಲ್ಲ. ಮುಖ ನೋಡಿ ಹೊಲ ಅಳೆಯುವುದು ನಮ್ಮ ಇಲಾಖೆಯ ಪದ್ಧತಿಯಲ್ಲ. ಸೊನ್ನೆ ಎಲ್ಲಿದೆ, ಹತ್ತು ಎಲ್ಲಿದೆ ಎಂದು ಮೊದಲು ಎರಡು ಕಲ್ಲು ನೆಡಬೇಕು, ಆಮೇಲೆ ನಡುವಿನದು.

ಸೊನ್ನೆಗೆ ಕಷ್ಟವಾಗಲಿಲ್ಲ. ಹರಪನಹಳ್ಳಿಯ ಒಂದು ಲಗ್ನದಲ್ಲಿ ಯಾರೋ ನನ್ನ ಹೊಸ ಚಪ್ಪಲಿ ಮೆಟ್ಟಿಕೊಂಡು ಹೋದದ್ದು, ನಡುಬೇಸಿಗೆಯ ಮಟಮಟ ಮಧ್ಯಾಹ್ನ ನಾನು ಡಾಂಬರಿನ ಮೇಲೆ ಬರಿಗಾಲಲ್ಲಿ ಬಸ್‌ಸ್ಟ್ಯಾಂಡಿಗೆ ಕುಣಿದುಕೊಂಡು ಬಂದದ್ದು, ಕಂಡವರು ಹರಕೆಯೆಂದು ತಿಳಿದು ದಾರಿ ಬಿಟ್ಟದ್ದು: ಇದೇ ಸೊನ್ನೆ ಎಂದು ತೀರ್ಮಾನಿಸಿದೆ. ಹತ್ತು ಅದಕ್ಕಿಂತ ಸುಲಭ. ತೆಲಿಗಿಯಲ್ಲಿ ನನ್ನ ಬಾಲ್ಯ. ಒಂದು ದಿನ ಸಾಲೆ ತಪ್ಪಿಸಿ, ಹಳ್ಳದ ಮರಳಿನಲ್ಲಿ ಬೆಳೆದ ಕಲ್ಲಂಗಡಿಯೊಂದನ್ನು ಬಂಡೆಗೆ ಅಪ್ಪಳಿಸಿ ಒಡೆದು, ಮೊಣಕೈತನಕ ರಸ ಸುರಿಸಿಕೊಂಡು ತಿಂದದ್ದು. ಮೇಲೆ ಮೋಡ, ಕೆಳಗೆ ತಣ್ಣನೆ ಮರಳು, ಮೂಗಿನ ಮೇಲೆ ಒಂದು ಬೀಜ. ಎಷ್ಟು ಸ್ಪಷ್ಟವಾಗಿ ನೆನಪಿದೆಯೆಂದರೆ ಈಗಲೂ ಮೂಗು ಒರೆಸಿಕೊಳ್ಳುತ್ತೇನೆ. ಇಷ್ಟು ಸ್ಪಷ್ಟವಾಗಿ ನೆನಪಿರುವುದೇ ನನಗೆ ಅನುಮಾನ ಹುಟ್ಟಿಸಿತು. ಅಂಚು ಹರಿಯದ, ಕಲೆಯಿಲ್ಲದ ಹಳೇ ನಕಾಶೆ ತಂದುಕೊಟ್ಟವರನ್ನು ನಾವು ಮೊದಲು ಅನುಮಾನಿಸುತ್ತೇವೆ. ತೆಲಿಗಿಯಲ್ಲೇ ಒಕ್ಕಲುತನ ಮಾಡಿಕೊಂಡಿರುವ ಅಣ್ಣ ಕೊಟ್ರೇಶಣ್ಣನಿಗೆ ಫೋನು ಮಾಡಿದೆ.

"ಅಣ್ಣಾ, ಕಲ್ಲಂಗಡಿ ಒಡದು ತಿಂದಿದ್ದು ನೆನಪೈತೇನು?"

"ಇಲ್ಲದ ಏನು? ಬಂಡೆಗಲ್ಲಿಗೆ ಬಡದು ಒಡದೆ. ಮೂಗಿನ ಮ್ಯಾಲೆ ಬೀಜ ಅಂಟಿತ್ತು."

"ಯಾರ ಮೂಗಿನ ಮ್ಯಾಲೆ?"

"ನನ್ನ ಮೂಗಿನ ಮ್ಯಾಲೆ ಲೇ! ನೀ ಎಲ್ಲಿದ್ದಿ ಅವತ್ತು? ಜ್ವರ ಬಂದು ಕಂಬಳಿ ಹೊದ್ಕೊಂಡು ಬಿದ್ದಿದ್ದಿ. ಸಂಜಿಕ ನಾ ಬಂದು ನಿನಗ ಎಲ್ಲಾ ಹೇಳಿದೆ. ಹೇಳಿದ್ದಕ್ಕ ನೀ ಅವ್ವನ ಮುಂದ ಚಾಡಿ ಹೇಳಿ ನನಗ ಹೊಡಿಸಿದಿ."

ಫೋನು ಇಟ್ಟು, ಚಟದಂತೆ ಮೂಗು ಒರೆಸಿಕೊಂಡೆ. ನನ್ನ ಜೀವಮಾನದ ಹತ್ತಕ್ಕೆ ಹತ್ತು ನನ್ನ ಅಣ್ಣನದು. ಅದಕ್ಕೆ ಬಿದ್ದ ಏಟೂ ಅವನದೇ. ನಾನು ಕಂಬಳಿಯೊಳಗೆ ಮಲಗಿಕೊಂಡೇ ಅದನ್ನು ಉತ್ತು ಬಿತ್ತಿ ನನ್ನ ಹೆಸರಿಗೆ ಮಾಡಿಕೊಂಡಿದ್ದೆ. ಬುದ್ಧಿಯಿದ್ದವನಾದರೆ ಅಳತೆಯನ್ನು ಅಲ್ಲಿಗೇ ಬಿಡುತ್ತಿದ್ದ. ನಾನು, ಅಣ್ಣನಿಗೂ ನೆನಪು ತಪ್ಪಿರಬಹುದು, ಬೀಜವೇನು ಒಂದೇ ಇರುತ್ತದೆಯೇ ಎಂದುಕೊಂಡು ಮುಂದುವರಿಸಿದೆ.

ದಿನಾ ಸಂಜೆ ಮನೆಮುಂದಿನ ಕಟ್ಟೆಯ ಮೇಲೆ ಕೂತು ಆ ದಿನಕ್ಕೊಂದು ಅಂಕಿ ಹಾಕುವುದು. ಇಲ್ಲಿ ಕಸುಬಿನ ಚಟ ಬಿಡಲಿಲ್ಲ. ಇಡೀ ದಿನವನ್ನು ಅಳೆಯುವುದು ಹೇಗೆ? ಖರಾಬು ಕಳೆಯಬೇಡವೇ? ಬಸ್ಸಿಗೆ ಕಾದದ್ದು ಖರಾಬು. ದಾಡಿ, ಸ್ನಾನ ಖರಾಬು. ಮೇಲಧಿಕಾರಿಗಳ ಜೊತೆ ಆಡಿದ ಮಾತು ಶುದ್ಧ ಬಂಡೆ. ಇಟ್ಟಿಗಿ ಊರಿನ ಹೊಲದಲ್ಲಿ ಅಣ್ಣತಮ್ಮಂದಿರಿಬ್ಬರು ನನ್ನನ್ನು ನಡುವೆ ನಿಲ್ಲಿಸಿಕೊಂಡು ಒಬ್ಬರಿಗೊಬ್ಬರು ಬೈದಾಡಿದ ಮುಂಜಾನೆ, ಹರಿಯುವ ಹಳ್ಳ. ಹೀಗೆ ಕಳೆಯುತ್ತಾ ಹೋದರೆ ದಿನವೊಂದರಲ್ಲಿ ಉಳುಮೆಗೆ ಬರುವ ಜಾಗ ಬಹಳ ಕಡಿಮೆ ಎಂದು ತಿಳಿಯಿತು. ಉಳಿದದ್ದು ಮೂರೇ ಮೂರು ತುಂಡು. ಒಂದು, ಸಂಜೆ ನಾನು ನುಡಿಸುವ ಹಾರ್ಮೋನಿಯಂ. ತಿದಿ ತೂತಾಗಿ ದಮ್ಮು ಹಿಡಿದವರಂತೆ ಉಸಿರಾಡುವ ಹಳೇ ಪೆಟ್ಟಿಗೆ. ಆದರೂ ಅದರ ಮುಂದೆ ಕೂತರೆ ನನ್ನ ಕಣ್ಣುಗಳು ತಾವಾಗಿ ಮುಚ್ಚುತ್ತವೆ. ಇದಕ್ಕೆ ಎಂಟು. ಎರಡನೆಯದು, ಭಾನುವಾರ ಮಧ್ಯಾಹ್ನದ ನಿದ್ದೆ. ಉಂಡು, ಎಲೆ ಅಡಿಕೆ ಹಾಕಿಕೊಂಡು, ಚಾಪೆಯ ಮೇಲೆ ಬಿದ್ದರೆ ಸೂರ್ಯ ಇಳಿಯುವತನಕ ಜಗತ್ತಿಲ್ಲ. ಇದಕ್ಕೆ ಒಂಬತ್ತು. ಮೂರನೆಯದು, ಹಡಗಲಿಯಿಂದ ಬರುವಾಗ ಬಸ್ಸಿನ ಕಿಟಕಿಯ ಸೀಟು. ಇದಕ್ಕೆ ಏಳು, ಮೋಡವಿದ್ದರೆ ಏಳೂವರೆ.

ಇಷ್ಟೆಲ್ಲ ಇದ್ದರೆ ದಾವಣಗೆರೆ ಕೈತಪ್ಪುತ್ತದಲ್ಲ! ಹಾಗಾಗಿ ರೊಟ್ಟಿ ಬಡಿಯುವ ಸದ್ದಿಗೆ ದಿನಾ ಮುಂಜಾನೆ ಒಂದು ಅಂಕಿ ಕಡಿತ ಮಾಡುತ್ತಿದ್ದೆ. ಎಂಟು ಎನಿಸಿದ ದಿನ ಆರೂವರೆ ಹಾಕಿ, ಇದು ಅಳತೆಯ ಕಟ್ಟುನಿಟ್ಟು ಎಂದು ನನಗೆ ನಾನೇ ಹೇಳಿಕೊಂಡೆ. ಅತ್ತ ಶಶಿಕಲಾಳೂ ಸುಮ್ಮನಿರಲಿಲ್ಲ ಎಂದು ಈಗ ಅನಿಸುತ್ತದೆ. ಆ ತಿಂಗಳು ನಾನು ಅಂಕಿ ಹಾಕಲು ಕೂರುವ ಹೊತ್ತಿಗೆ ಸರಿಯಾಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜಿ ಕಟ್ಟೆಗೆ ಬರುತ್ತಿದ್ದವು. ಮಿರ್ಚಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದು, ಅಳುವ ಮುಖದಲ್ಲೇ ಎಂಟು ಹಾಕಿದ ದಿನಗಳಿವೆ. ಒಳಗಿನ ನೆಮ್ಮದಿ ಹೆಚ್ಚುತ್ತಿದೆ, ವಯಸ್ಸು ಮಾಗುತ್ತಿದೆ ಎಂದು ನಾನು ಗಂಭೀರವಾಗಿ ನಂಬಿದ್ದೆ. ಆಮೇಲೆ ಹೊಟ್ಟೆಯುರಿಗೆ ಅರ್ಧ ಅಂಕಿ ಕಳೆಯುತ್ತಿದ್ದೆ.

ತಿಂಗಳು ಮುಗಿಯುತ್ತ ಬಂದಾಗ ಕೂಡಿ ಭಾಗಿಸಿ ನೋಡಿದರೆ ಸರಿಯಾಗಿ ಆರು. ಮೇಲೂ ಇಲ್ಲ, ಕೆಳಗೂ ಇಲ್ಲ. ಗಡಿಯ ಗೆರೆಯ ಮೇಲೆಯೇ ಬಂದು ನಿಂತಿತು ನನ್ನ ಸುಖ, ಯಾರ ಹೊಲಕ್ಕೆ ಇಳಿಯಲೆಂದು ತಿಳಿಯದ ಕುರಿಯ ಹಾಗೆ.

"ಈಗೇನು ಮಾಡ್ತೀರಿ?" ಎಂದಳು ಶಶಿಕಲಾ.

ಗೆರೆಯ ಮೇಲೆ ತಕರಾರು ಬಂದರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. "ಅಕ್ಕಪಕ್ಕದವರನ್ನ ಕರಸಿ ಹದ್ದುಬಸ್ತು ಮಾಡೂದು" ಎಂದೆ. ಆ ಮಾತು ಆಡುವಾಗ ನನಗೆ ನನ್ನ ಕಸುಬಿನ ಬಗ್ಗೆ ಎಂಥ ಹೆಮ್ಮೆಯಿತ್ತು! ನನ್ನ ಸುಖದ ಬಗ್ಗೆ ನೆರೆಯವರಿಂದ ಸಾಕ್ಷಿ ಪಡೆದು, ಪಾಪ ಈ ಮನುಷ್ಯ ಎಷ್ಟು ಕಷ್ಟದಲ್ಲಿದ್ದಾನೆ, ಹೋಗಲಿ ದಾವಣಗೆರೆಗೆ ಎಂದು ಅವರ ಬಾಯಲ್ಲೇ ಹೇಳಿಸುವುದು ನನ್ನ ಹಂಚಿಕೆ.

ಶನಿವಾರ ಸಂಜೆ ಕಟ್ಟೆಯ ಮೇಲೆ ಸಭೆ. ಸಂತೆಗೆಂದು ಕೊಟ್ಟೂರಿಗೆ ಬಂದಿದ್ದ ಕೊಟ್ರೇಶಣ್ಣ ಕಂಬಕ್ಕೆ ಒರಗಿ ಕೂತ. ಪಕ್ಕದ ಮನೆಯ ಹಾಲಪ್ಪ ಮಾಸ್ತರು ಬಂದರು. ಅವರು ನಿವೃತ್ತ ಡ್ರಿಲ್ ಮಾಸ್ತರು. ಈಗಲೂ ಕುರ್ಚಿಯಲ್ಲಿ ಕೂತರೆ ಇನ್ನೇನು ಎದ್ದು ಓಡುವವರ ಹಾಗೆ ಕೂರುತ್ತಾರೆ. ಶಶಿಕಲಾ ಹೊಸ್ತಿಲ ಮೇಲೆ ಕೂತಳು, ಮಡಿಲಲ್ಲಿ ಮಂಡಕ್ಕಿಯ ಬುಟ್ಟಿ. ನಾನು ನಿಂತುಕೊಂಡು ಇಲಾಖೆಯ ದನಿಯಲ್ಲಿ ನನ್ನ ಮೂರು ತುಂಡುಗಳನ್ನು ಓದಿ ಹೇಳಿದೆ. "ಒಂದು, ಸಂಜಿಯ ಹಾರ್ಮೋನಿಯಂ. ಯಾರದರೆ ತಕರಾರು ಐತೇನು?"

ಪದ್ಧತಿಗಾಗಿ ಕೇಳಿದ್ದು. ಉತ್ತರ ಬಯಸಿರಲಿಲ್ಲ.

"ಐತಿ" ಎಂದರು ಹಾಲಪ್ಪ ಮಾಸ್ತರು.

"ಏನ್ರಿ ಮಾಸ್ತರೆ?"

"ನೋಡ್ರಿ ಸರ್ವೇರ್ರೆ, ನೀವು ಕರದು ಕೇಳ್ತೀರಿ ಅಂತ ಹೇಳ್ತೀನಿ. ಸಂಜಿಕ ನಾನು ನಮ್ಮ ಮನಿಯಾಕಿ ಹೊರಗ ಕುಂತು ಮಾತಾಡೂ ಹೊತ್ತು ಅದು. ನಿಮ್ಮ ಪೆಟ್ಟಿಗಿ ಬಂದಾಗಿಂದ ಕಿಟಕಿ ಬಾಗಲಾ ಹಾಕ್ಕೊಂಡು ಒಳಗ ಕುಂದರ್ತೀವಿ. ಸೆಕಿಗೆ ಆಕಿ ಬೀಸಣಿಕಿ ಬೀಸ್ತಾಳ, ನಾ ಹತ್ತಿ ಹುಡುಕ್ತೀನಿ ಕಿವಿಗೆ. ಮಾತು ಎಲ್ಲಿ ಬಂತು?"

"ನೀವು ಒಂದಿನಾನೂ ಹೇಳಲಿಲ್ಲಲ್ರಿ!"

"ಹೆಂಗ ಹೇಳೂದು? ನೀವು ಕಣ್ಣು ಮುಚ್ಚಿರ್ತೀರಿ."

ಕೊಟ್ರೇಶಣ್ಣ ಮಂಡಕ್ಕಿ ಮುಕ್ಕುತ್ತಾ, "ಒತ್ತುವರಿ" ಎಂದು ತೀರ್ಪು ಕೊಟ್ಟ. ಹೊಲದವನು; ಆ ಶಬ್ದ ಅವನಿಗೆ ಹಾಲು ಕುಡಿದಷ್ಟು ಸಲೀಸು. "ಕಲ್ಲಂಗಡಿ ಹಣ್ಣೂ ಬರಕೊಳ್ರಿ ಮಾಸ್ತರೆ. ಅದೂ ನಂದು. ಇವ ಸಣ್ಣಾಂವಿದ್ದಾಗಿಂದ ಹಂಗ. ಜ್ವರದಾಗೂ ಬಿಟ್ಟಾಂವಲ್ಲ."

ನಾನು ಗಂಟಲು ಸರಿಮಾಡಿಕೊಂಡು ಎರಡನೆಯ ತುಂಡಿಗೆ ಹೋದೆ. "ಭಾನುವಾರದ ನಿದ್ದಿ. ಇದು ನಮ್ಮ ಮನಿಯೊಳಗಿಂದು. ಹೊರಗಿನವರ ತಕರಾರು ಬರೂದಿಲ್ಲ."

"ಒಳಗಿನವರದು?" ಎಂದಳು ಶಶಿಕಲಾ.

ಹೊಸ್ತಿಲ ಕಡೆ ತಿರುಗಿದೆ. ಅವಳು ಮಂಡಕ್ಕಿಯಲ್ಲಿನ ಹುರಿಗಡಲೆಯನ್ನು ಒಂದೊಂದಾಗಿ ಆರಿಸುತ್ತಾ ಹೇಳಿದಳು, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ. "ಐತಾರ ಮಧ್ಯಾನ್ನ ನಮಗ ಭಾಳ ಆರ್ಡರ್ ಇರ್ತಾವು. ರೊಟ್ಟಿ ಬಡದ್ರ ಇವರಿಗೆ ಎಚ್ಚರ ಆಕ್ಕೈತಂತ ಬಡಿಯಂಗಿಲ್ಲ. ನಾಕೂ ಮಂದಿ ಹಿಟ್ಟು ಮುಂದಿಟ್ಕೊಂಡು ಸುಮ್ಮನ ಕುಂತಿರ್ತೀವಿ. ನಗಾಕ ಬಂದ್ರ ಸೆರಗು ಬಾಯಿಗೆ ತುರ್ಕೊಂತೀವಿ. ಇವರು ಎದ್ದು ಚಾ ಕುಡದ ಮ್ಯಾಲೆ ಶುರು ಮಾಡಿ, ದೀಪ ಹಚ್ಚಿದ ಮ್ಯಾಲೆ ಮುಗಸ್ತೀವಿ. ಆಮ್ಯಾಲೆ ಆ ಹೆಣ್ಮಕ್ಳು ಮನಿಗೆ ಹೋಗಿ ಅಡಿಗಿ ಮಾಡಬೇಕು. ಒಂಬತ್ತು ಹಾಕ್ಯಾರಂತಲ್ಲ ಆ ನಿದ್ದಿಗೆ, ಅದರಾಗ ನಮ್ಮದೆಷ್ಟು ಹೋಗೈತಿ ಅಂತ ಅಳದಾರೇನು ಕೇಳ್ರಿ."

ಇದನ್ನು ಕೇಳಿದಾಗ ನನಗೆ ಏನನಿಸಿತೆಂದು ಈಗ ಬರೆಯಲು ಕೂತರೆ, ತಕ್ಷಣವೇ ಮನಸ್ಸು ಕರಗಿತು, ತಪ್ಪು ತಿಳಿಯಿತು ಎಂದು ಬರೆಯುವ ಆಸೆಯಾಗುತ್ತದೆ. ನೆನಪು ಅಂಥ ಅಂದದ ಬಾಗಿಲನ್ನು ಕೊರೆಯಲು ಈಗಾಗಲೇ ಉಳಿ ಹಿಡಿದು ನಿಂತಿದೆ. ನಿಜ ಹೇಳಬೇಕೆಂದರೆ ನನಗೆ ಬಂದದ್ದು ಸಿಟ್ಟು. ಅರ್ಜಿ ಹಾಕಿದವನು ನಾನು, ಕಡಿಮೆಯಾಗಿದೆ ಎಂದು ಹೇಳಿದವನು ನಾನು, ಈ ಜನ ನನ್ನ ಕಟ್ಟೆಯ ಮೇಲೆ ಕೂತು, ನನ್ನ ಮಂಡಕ್ಕಿ ತಿಂದು, ನನ್ನ ಹೊಲವನ್ನೇ ಕೊಯ್ಯುತ್ತಿದ್ದಾರಲ್ಲ ಎಂಬ ಸಿಟ್ಟು. ಹೊಲಗಳಲ್ಲಿ ಜನ ನನ್ನ ಅಂಗಿ ಹಿಡಿದು ಯಾಕೆ ಜಗ್ಗುತ್ತಾರೆಂದು ಮೊದಲ ಸಲ ಅರ್ಥವಾಯಿತು.

"ಮೂರನೇದು" ಎಂದೆ ದನಿಯೇರಿಸಿ. "ಹಡಗಲಿ ಬಸ್ಸಿನ ಕಿಟಕಿ ಸೀಟು. ಇದಕ್ಕ ನೀವು ಯಾರೂ ಪಕ್ಕದವರಲ್ಲ. ಇದು ನಂದೇ, ಪೂರಾ ನಂದೇ."

ಅಣ್ಣ ಮತ್ತೆ ಮಂಡಕ್ಕಿಗೆ ಕೈಹಾಕಿದ. ಗೆದ್ದೆ ಅಂದುಕೊಂಡೆ. ಮಾಸ್ತರು ಮೆಲ್ಲಗೆ, "ಆ ಸೀಟು ದಿನಾ ನಿಮಗ ಹೆಂಗ ಸಿಗತೈತ್ರಿ?" ಎಂದರು.

"ಬಸ್ಸು ನಿಲ್ಲೂದ್ರಾಗ ಹೊರಗಿಂದ ಕಿಟಕಿಯೊಳಗ ಟವೆಲ್ ಹಾಕ್ತೀನಿ."

ನನ್ನ ಬಾಯಿಂದ ಮಾತು ಹೊರಬಿದ್ದ ಮೇಲೆ ನನಗೇ ಕೇಳಿಸಿತು. ಬಾಗಿಲಲ್ಲಿ ಸರದಿಯಂತೆ ಹತ್ತಿ ಬಂದು, ಖಾಲಿ ಸೀಟಿನ ಮೇಲೆ ಮಲಗಿದ ನನ್ನ ಟವೆಲ್ಲನ್ನು ಕಂಡು, ನಿಂತೇ ಕೊಟ್ಟೂರಿನವರೆಗೆ ಬಂದ ಮುಖಗಳು ಒಂದೊಂದಾಗಿ ಎದುರಿಗೆ ಬಂದವು. ಈ ಮುಖಗಳನ್ನು ನಾನು ನಿಜವಾಗಿ ನೋಡಿದ್ದೆನೋ, ಈಗ ಕಟ್ಟಿಕೊಂಡೆನೋ ಹೇಳಲಾರೆ. ಬಸ್ಸಿನಲ್ಲಿ ನಾನು ಯಾವಾಗಲೂ ಕಿಟಕಿಯ ಹೊರಗೆ ನೋಡುತ್ತಿದ್ದೆ. ಕೊಟ್ರೇಶಣ್ಣನಿಗೆ ಮಂಡಕ್ಕಿ ನೆತ್ತಿಗೇರಿತು. ಮಾಸ್ತರು ಅವನ ಬೆನ್ನು ತಟ್ಟುತ್ತಾ ತಾವೂ ನಗಲು ಶುರುಮಾಡಿದರು.

"ಹಂಗಾದ್ರ ನಿನ್ನ ಹೊಲದಾಗ ನಿಂದು ಅನ್ನೂದು ಏನು ಉಳೀತಲೇ ತಮ್ಮಾ?" ಎಂದ ಅಣ್ಣ, ನೀರು ಕುಡಿದು ಸುಧಾರಿಸಿಕೊಂಡು. "ಬರೇ ಖರಾಬು."

ನಗದೇ ಇದ್ದವಳು ಶಶಿಕಲಾ ಒಬ್ಬಳೇ. ಬುಟ್ಟಿಯನ್ನು ಪಕ್ಕಕ್ಕಿಟ್ಟು, ನನ್ನ ಕಡೆ ನೇರವಾಗಿ ನೋಡಿ ಹೇಳಿದಳು: "ದಾವಣಗೆರಿಗೆ ಬ್ಯಾಡ ಅನ್ನಂಗಿಲ್ಲ ನಾನು. ಗೆರಿ ಮ್ಯಾಲೆ ಬಂದೈತಿ, ನೀವು ಹೆಂಗಂದ್ರ ಹಂಗ. ಆದ್ರ ಒಂದು ಮಾತು ವಿಚಾರ ಮಾಡ್ರಿ. ಇಲ್ಲಿ ನಾವು ಅದೀವಿ. ಮಾಸ್ತರು ಕಿಟಕಿ ಹಾಕ್ಕೊಂತಾರ, ನಾವು ಬಾಯಿಗೆ ಸೆರಗು ಹಾಕ್ಕೊಂತೀವಿ, ನಿಮಗ ಎಂಟು ಒಂಬತ್ತು ಬರತೈತಿ. ಅಲ್ಲಿ ಎರಡನೇ ಮಾಳಿಗಿ ಬಾಡಗಿ ಮನ್ಯಾಗ, ಗುರ್ತು ಪರಿಚಯ ಇಲ್ಲದ ಮಂದಿ ನಡುವ, ಯಾರ ಹೊಲ ಒತ್ತುವರಿ ಮಾಡ್ತೀರಿ? ಆರು ಎಲ್ಲಿಂದ ತರ್ತೀರಿ?"

ಇಷ್ಟು ವರ್ಷದ ನೌಕರಿಯಲ್ಲಿ ಎಷ್ಟೋ ವಕೀಲರು ನನ್ನನ್ನು ಪಾಟಿಸವಾಲು ಮಾಡಿದ್ದಾರೆ. ಯಾರೂ ಹೀಗೆ ನಿಲ್ಲಿಸಿರಲಿಲ್ಲ. ದಾವಣಗೆರೆಯ ಆ ಮನೆ ಕಣ್ಣಮುಂದೆ ಬಂತು. ಫ್ಯಾನು ತಿರುಗುತ್ತಿದೆ. ನಾನು ಹಾರ್ಮೋನಿಯಂ ತೆಗೆಯುತ್ತೇನೆ. ಕೆಳಗಿನ ಮನೆಯವರು ಮೊದಲ ಸ್ವರಕ್ಕೇ ಬಾಗಿಲು ಬಡಿಯುತ್ತಾರೆ. ಭಾನುವಾರ ಮಲಗುತ್ತೇನೆ; ನನಗಾಗಿ ಹಿಟ್ಟು ಮುಂದಿಟ್ಟುಕೊಂಡು ಯಾರೂ ನಗೆ ತಡೆದುಕೊಳ್ಳುವುದಿಲ್ಲ. ಶಶಿಕಲಾ ಒಲೆಯಿಲ್ಲದ ಅಡುಗೆಮನೆಯಲ್ಲಿ ಕೈ ಕಟ್ಟಿಕೊಂಡು ಕೂತಿದ್ದಾಳೆ. ಹತ್ತರಲ್ಲಿ ಎಷ್ಟು ಬಂದೀತು ಎಂದು ಅಳೆದು ನೋಡಿದೆ. ಚಪ್ಪಲಿ ಕಳೆದುಕೊಂಡ ಮಧ್ಯಾಹ್ನದ ಡಾಂಬರು ಅಂಗಾಲಿಗೆ ತಾಗಿತು.

ಆಗ ಹೊಳೆದದ್ದು ಇನ್ನೊಂದು. ತಿಂಗಳಿಡೀ ಅಳೆದೆನಲ್ಲ, ಅವಳದೆಷ್ಟು ಎಂದು ಒಂದು ದಿನವೂ ಕೇಳಿರಲಿಲ್ಲ. "ಅದಿರ್ಲಿ, ನಿಂದೆಷ್ಟು ಹತ್ತರಾಗ?" ಎಂದೆ.

ಅವಳು ಬುಟ್ಟಿ ಎತ್ತಿಕೊಂಡು ಎದ್ದಳು. "ಏನೋ, ನಡದೈತಿ" ಎಂದು ಒಳಗೆ ಹೋದಳು.

ಮೇಲಧಿಕಾರಿಗಳಿಗೆ ಫೋನು ಮಾಡಿ, ಬರುವುದಿಲ್ಲ ಎಂದೆ. "ಯಾಕಪ್ಪ?" ಎಂದರು. ಸ್ಥಳದಲ್ಲಿ ತಕರಾರಿದೆ ಎಂದೆ. ಅವರೂ ಇಲಾಖೆಯವರೇ, ಅದಕ್ಕಿಂತ ಹೆಚ್ಚು ಕೇಳಲಿಲ್ಲ.

ಒತ್ತುವರಿ ತೆರವು ಮಾಡಬೇಕಲ್ಲ. ಮರುದಿನ ಭಾನುವಾರ. ಉಂಡಾದ ಮೇಲೆ ನಾನು ದೊಡ್ಡ ಮನಸ್ಸು ಮಾಡಿ, "ಇವತ್ತಿಂದ ನೀವು ರೊಟ್ಟಿ ಬಡೀರಿ. ನಾ ಮಲಗಂಗಿಲ್ಲ" ಎಂದು ಹಿತ್ತಲಿಗೆ ಕೇಳುವಂತೆ ಸಾರಿದೆ. ಆದರೂ ಚಾಪೆಯ ಮೇಲೆ ಸುಮ್ಮನೆ ಅಡ್ಡಾದೆ, ಕಣ್ಣು ಮುಚ್ಚಿ. ಇದು ಎಲ್ಲ ಒತ್ತುವರಿದಾರರೂ ಮಾಡುವ ಕೆಲಸ. ನೆಲ ಬಿಟ್ಟುಕೊಟ್ಟೆವೆಂದು ಹೇಳಿ, ಬದುವಿನ ಮೇಲೆ ಒಂದು ದನ ಕಟ್ಟಿ ಹೋಗುತ್ತಾರೆ, ಹಕ್ಕು ಪೂರ್ತಿ ತಪ್ಪದಿರಲಿ ಎಂದು.

ಹಿತ್ತಲಲ್ಲಿ ಆಗಷ್ಟೇ ಶುರುವಾಗಿದ್ದ ಬಡಿತ ನಿಂತಿತು. "ಅಕ್ಕಾ, ಸಾಹೇಬ್ರು ಮಲಗ್ಯಾರೇನು?" ಎಂದಿತೊಂದು ಪಿಸುದನಿ.

"ಇಲ್ಲ ಬಿಡು, ಎಚ್ಚರ ಅದಾರ" ಎಂದಳು ಶಶಿಕಲಾ, ಪಿಸುಗುಟ್ಟದೆ. "ನಿದ್ದಿ ಬಂದಂಗ ಮಾಡ್ಯಾರ. ಬಡೀರಿ, ಜೋರಾಗಿ ಬಡೀರಿ."

ಅವರ ಬಾಯಲ್ಲಿ ಸೆರಗಿರಲಿಲ್ಲ. ನಗೆ ಹಿತ್ತಲು ದಾಟಿ, ನಡುಮನೆ ದಾಟಿ, ನನ್ನ ಚಾಪೆಯ ಅಂಚಿಗೆ ಬಂದು ಮುಟ್ಟಿತು. ಅದರ ಹಿಂದೆಯೇ ಬಡಿತ, ಮೂರು ಜೋಡಿ ಕೈಗಳದು, ಒಂದರ ಮೇಲೊಂದು ಬೀಳದಂತೆ ಲಯಕಟ್ಟಿ. ನನ್ನ ಹಾರ್ಮೋನಿಯಮ್ಮಿಗೆ ಈ ಜನ್ಮದಲ್ಲಿ ಬಾರದ ಲಯ. ಇಂಥ ಸದ್ದಿನಲ್ಲಿ ಯಾವನಿಗೆ ನಿದ್ದೆ ಬರುತ್ತದೆ ಎಂದು ಬೈದುಕೊಂಡದ್ದಷ್ಟೇ ನೆನಪು. ಎಚ್ಚರವಾದಾಗ ಹೊರಗೆ ಬಿಸಿಲು ಇಳಿದು, ಮಾಸ್ತರ ಮನೆಯ ಕಿಟಕಿ ತೆರೆದಿತ್ತು. ಗಂಡಹೆಂಡತಿ ಏನೋ ಜಗಳವಾಡುತ್ತಿದ್ದರು, ಸಂತೋಷದಿಂದ. ನನ್ನ ಜೀವಮಾನದಲ್ಲಿ ಅಂಥ ನಿದ್ದೆ ಮಾಡಿರಲಿಲ್ಲ. ಒಂಬತ್ತಲ್ಲ, ಹತ್ತರ ಕಲ್ಲನ್ನೂ ದಾಟಿ ಕಲ್ಲಂಗಡಿಯ ಹಳ್ಳಕ್ಕೆ ಇಳಿದಿತ್ತು ಅದು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಲಯ ಯಾರದು, ಆ ನಗೆ ಯಾರದು ಎಂದು ಕೇಳುತ್ತಾ ಮತ್ತೆ ಸರಪಳಿ ಹಿಡಿದು ಕಟ್ಟೆಗೆ ಬರುತ್ತಾರೆ. ಹಗರಿಬೊಮ್ಮನಹಳ್ಳಿಯಿಂದ ಹರಪನಹಳ್ಳಿಯವರೆಗಿನ ಜನ ಅಂಜುವುದು ದೃಷ್ಟಿಗಲ್ಲ, ಸರ್ವೆಗೆ. ಸರ್ವೇಯರನಾದ ನನಗೇ ಇದು ಕಟ್ಟಕಡೆಗೆ ತಿಳಿದದ್ದು. ಅಷ್ಟರಲ್ಲಿ ಕೊಟ್ರೇಶಣ್ಣನ ಫೋನು ಬಂತು, ಊರು ಮುಟ್ಟಿದೆನೆಂದು ಹೇಳಲು.

"ಹೆಂಗದೀಯೋ? ಸುಖ ಎಷ್ಟಕ್ಕ ಬಂತು ಇವತ್ತು?" ಎಂದ, ನಗುತ್ತಾ.

ಗಲ್ಲದ ಮೇಲಿನ ಚಾಪೆಯ ಗುರುತನ್ನು ಅಂಗೈಯಿಂದ ಮುಚ್ಚಿಕೊ‍ಂಡು, ಹಿತ್ತಲಿನತ್ತ ಒಮ್ಮೆ ನೋಡಿ, ದನಿ ಸಪ್ಪಗೆ ಮಾಡಿಕೊಂಡು ಹೇಳಿದೆ:

"ಏನೋ ಅಣ್ಣಾ, ನಡದೈತಿ."